ಪ್ಲಾಟ್‌ಫಾರಂ ಮೇಲಿನ ಮೆಣಸಿನಕಾಯಿ

ನಂಬದವರು ಈಗಲೇ ಎದ್ದು ಹೋಗಲಿ, ನಾನು ಸುಳ್ಳು ಹೇಳುವವನಲ್ಲ.

೧೯೮೪ರ ಮಾತು. ಆಗಲೇ ನಮ್ಮೂರ ಸ್ಟೇಷನ್ ಮುಚ್ಚಿ, ಹಳಿ ಕಿತ್ತು ಹನ್ನೆರಡು ವರ್ಷವಾಗಿತ್ತು. ಅದರ ಕಲ್ಲಿನ ಪ್ಲಾಟ್‌ಫಾರಂ ಮೇಲೆ ಅಂಚಿನವರೆಗೂ ಮೆಣಸಿನಕಾಯಿ ಒಣಹಾಕಿದ್ದೆ. ದಿನಾ ಮಧ್ಯಾಹ್ನ ಅಂಚಿನ ಕಾಯಿ ಎರಡು ಮೊಳ ಹಿಂದಕ್ಕೆ ಸರಿದಿರುತ್ತಿತ್ತು, ಕಸಬರಿಗೆಯಿಂದ ಗುಡಿಸಿದಂತೆ.

ಮೂರನೆಯ ದಿನ ಕಾವಲು ಕುಳಿತೆ. ಉರಿಬಿಸಿಲಲ್ಲೂ ಕೂತ ಕಲ್ಲು ತಣ್ಣಗಾಯಿತು. ಕಲ್ಲಿದ್ದಲಿನ ಹೊಗೆ ವಾಸನೆ ಬಂತು. ಗಾಳಿಯೇ ಇಲ್ಲದೆ ಕಣ್ಣೆದುರು ಕಾಯಿ ಸರಿಯತೊಡಗಿತು. ಸಿಟ್ಟು ನೆತ್ತಿಗೇರಿತು.

“ಯಾವನಲೇ ಅವಾ? ಯಾವ ಗಾಡಿ ಬರತೈತಿ ಅಂತ ದಾರಿ ಮಾಡಾಕತ್ತೀ?”

ಬುತ್ತಿ ತಂದಿದ್ದ ಹೆಂಡತಿ ಕಸ್ತೂರೆವ್ವ ನಕ್ಕಳು. “ಮಂದಿ ಗಾಡಿ ಹತ್ತೋ ಜಾಗಾದಾಗ ಖಾರ ಹಾಸೀರಿ. ಅವರು ಕಾಲು ಎಲ್ಲಿ ಇಡಬೇಕ್ರಿ? ಜರಾ ದಾರಿ ಬಿಡ್ರಿ.”

ಬೈಯುತ್ತಲೇ ಎರಡು ಮೊಳ ಬಿಟ್ಟೆ. ಆಮೇಲೆ ಒಂದು ಕಾಯಿಯೂ ಅಲುಗಲಿಲ್ಲ.

ವಾರದ ನಂತರ ನಾವಿಬ್ಬರೂ ಗುಡಗೇರಿ ಸಂತೆಯಲ್ಲಿದ್ದಾಗ ಅಕಾಲದ ಮಳೆ ಸುರಿಯಿತು. ವರ್ಷದ ಬೆಳೆ ಹೋಯಿತೆಂದು ಓಡಿ ಬಂದೆವು. ಪ್ಲಾಟ್‌ಫಾರಂ ಖಾಲಿ. ನಾನು ಅಲ್ಲಿಟ್ಟಿದ್ದ ಒಂಬತ್ತೂ ಖಾಲಿ ಚೀಲ ತುಂಬಿ, ಬಾಯಿ ಹೊಲಿಸಿಕೊಂಡು, ಟಿಕೆಟ್ ಕಿಟಕಿಯ ಬಳಿ ಮಾಡಿನ ಕೆಳಗೆ ಸಾಲಾಗಿ ನಿಂತಿದ್ದವು. ಒಂದು ಕಾಯಿಯೂ ನೆನೆದಿರಲಿಲ್ಲ. ಪ್ರತಿ ಚೀಲದ ಮೇಲೂ ಸೀಮೆಸುಣ್ಣದಲ್ಲಿ ಅದು ಹೋಗಬೇಕಾದ ಊರಿನ ಹೆಸರು ಬರೆದಿತ್ತು: ಬ್ಯಾಡಗಿ.

ಪ್ರತಿ ವರ್ಷ ನಾನು ಒಯ್ಯುತ್ತಿದ್ದುದು ಹುಬ್ಬಳ್ಳಿಗೆ. ಈ ಸಲ ಬ್ಯಾಡಗಿಗೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ, ಕಸ್ತೂರೆವ್ವನಿಗೂ ಹೇಳಿರಲಿಲ್ಲ.