ನಿಲ್ಲದ ಕೇಬಲ್

ನನ್ನ ಕಾಲ ಕೆಳಗೆ ಹಡಗು ಇರಲಿಲ್ಲ. ಸಮುದ್ರವಿತ್ತು!

ಕೊರಳಪಟ್ಟಿ ಅಸ್ಲಾಕನ ಮುಷ್ಟಿಯಲ್ಲಿ. ಕೇಬಲ್ ಇಳಿಸುವ ವಿಂಚ್ ನಡೆಸುವವನು ಅವನು. ಆ ಒಂದು ಕೈ ಬಿಟ್ಟರೆ ನಾನಿಲ್ಲ.

"ಪೆನ್‌ಡ್ರೈವ್ ಎಲ್ಲೋ?"

"ಕೋಟಿನ ಜೇಬಲ್ಲಿ. ನನ್ನ ಬಿಟ್ರೆ ಅದೂ ಹೋಗುತ್ತೆ."

"ಅದಕ್ಕೇ ಬಿಡೋಣ ಅಂತಿದ್ದೀನಿ."

"ಮತ್ತೆ ಬಿಡು. ನನ್ನನ್ಯಾಕೆ ಕೇಳ್ತೀಯ?"

ಬಿಡಲಿಲ್ಲ...

ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಉತ್ತರಧ್ರುವದ ಬಳಿಯ ಈ ಫ್ರಾಮ್ ಜಲಸಂಧಿಯ ಗಾಳಿಗೆ ಮೊದಲು ಕಿವಿ ಮರಗಟ್ಟುತ್ತದೆ. ಆಮೇಲೆ ಉಳಿದದ್ದು.

ನಾವಿಕರ ಸಂಘಕ್ಕಾಗಿ ಸಾವುಗಳ ತನಿಖೆ ಮಾಡುವುದು ನನ್ನ ಕೆಲಸ. ಮೂರು ವಾರದ ಹಿಂದೆ ಇಲ್ಲೇ, ಇದೇ ಹಡಗಿನಿಂದ, ಯೋಸ್ಟೈನ್ ಎಂಬ ಡೆಕ್ ಕೆಲಸಗಾರ ನೀರಿಗೆ ಬಿದ್ದ. ಸಿಗಲಿಲ್ಲ. ಹಡಗಿನ ನಾಯಕ, ಸ್ಕಿಪ್ಪರ್ ಹೌಗೆ ಬರೆದ ವರದಿ: ತಕ್ಷಣ ಕೆಲಸ ನಿಲ್ಲಿಸಿ, ಹಡಗು ತಿರುಗಿಸಿ ಹುಡುಕಿದೆವು.

ಸುಳ್ಳು!

ಆಗ ನೀರಿನ ಉಪ್ಪು, ಶಾಖ ಅಳೆಯುವ ಯಂತ್ರ ಕೇಬಲಿನ ತುದಿಯಲ್ಲಿ ಇಳಿಯುತ್ತಿತ್ತು. ಕೇಬಲ್ ನೀರಲ್ಲಿರುವಾಗ ಹಡಗು ತಿರುಗುವಂತಿಲ್ಲ. ಮೇಲೆಳೆಯಲು ಬಹಳ ಹೊತ್ತು ಬೇಕು. ಕತ್ತರಿಸಬೇಕು. ಕತ್ತರಿಸಿದರೆ ಯಂತ್ರ ಹೋಯಿತು.

ಆ ಯಂತ್ರ ತಾನಿರುವ ಆಳವನ್ನೂ ಬರೆದುಕೊಳ್ಳುತ್ತದೆ. ಸೆಕೆಂಡಿಗೆ ಇಪ್ಪತ್ತನಾಲ್ಕು ಸಲ. ನೀರಿನ ಲೆಕ್ಕವಷ್ಟೇ ಎಂದು ಯಾರೂ ಅದರತ್ತ ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ನಾನು ಆ ದಾಖಲೆಯನ್ನು ಪೆನ್‌ಡ್ರೈವಿಗೆ ಕದ್ದೆ. ಅಸ್ಲಾಕ್ ಮೂರು ಅಂತಸ್ತು ಅಟ್ಟಿಸಿಕೊಂಡು ಬಂದ.

ಆ ದಿನ ಯಂತ್ರ ಎರಡೂವರೆ ಸಾವಿರ ಮೀಟರ್ ಇಳಿದಿತ್ತು. ನಡುವೆ ಒಂದು ಕ್ಷಣವೂ ನಿಂತಿರಲಿಲ್ಲ.

"ಯಾಕೆ ನಿಲ್ಲಿಸ್ಲಿಲ್ಲ, ಅಸ್ಲಾಕ್?"

"ಕತ್ತರಿಸ್ಲಾ ಅಂತ ಫೋನಲ್ಲಿ ಕೇಳ್ದೆ. ಕಟರ್ ಕೈಯಲ್ಲೇ ಇತ್ತು. 'ದೋಣಿ ಕಳಿಸ್ತಿದೀನಿ, ನೀನು ಇಳಿಸ್ತಾ ಇರು' ಅಂದ ಸ್ಕಿಪ್ಪರ್."

"ದೋಣಿ?"

"ಎಂಜಿನ್ ಸ್ಟಾರ್ಟೇ ಆಗ್ಲಿಲ್ಲ."

"ಅದು ಗೊತ್ತಾದ್ಮೇಲೆ?"

"ಇಳಿಸ್ತಾ ಇದ್ದೆ ಕಣೋ..."

ಮುಷ್ಟಿ ಸಡಿಲವಾಯಿತು. ನಾನು ಒಂದು ಗೇಣು ಜಾರಿದೆ.

"ಯೋಸ್ಟೈನ್ ಅಮ್ಮ ನನ್ನ ಕೇಳಿದ್ದು ಒಂದೇ," ಅಂದೆ. "'ನನ್ನ ಮಗನಿಗೋಸ್ಕರ ಹಡಗು ನಿಂತಿತಾ?'"

ಒಂದೇ ಎಳೆತ! ಡೆಕ್ಕಿನ ಮೇಲೆ ಬಿದ್ದೆ. ಅವನೂ ಪಕ್ಕದಲ್ಲೇ ಕುಸಿದ.

"ಅವರಮ್ಮನಿಗೆ ಏನು ಹೇಳ್ತೀಯ?" ಅಂದ.

"ನಿಲ್ಲಲಿಲ್ಲ ಅಂತ."

"ನನ್ನ ಹೆಸರು?"

"ಅದನ್ನೂ ಹೇಳ್ತೀನಿ. ಸ್ಕಿಪ್ಪರ್ ಹೌಗೆಯ ಹೆಸರನ್ನೂ."

ತಲೆಯಾಡಿಸಿದ. "ಕಾಫಿ ಕುಡೀತೀಯಾ?"

ಕುಡಿದೆ. ನಾಲಿಗೆಗೆ ಬಿಸಿ ಗೊತ್ತಾಗಲಿಲ್ಲ.

ಯೋಸ್ಟೈನ್ ಎಲ್ಲಿ ಮುಳುಗಿದನೋ ಯಾರಿಗೂ ತಿಳಿಯದು. ಮುಳುಗಿದ ನೀರು ಎಷ್ಟು ತಣ್ಣಗಿತ್ತು ಎಂಬುದು ಮಾತ್ರ ಆ ಯಂತ್ರದಿಂದ ಮೂರು ದಶಾಂಶದವರೆಗೆ ಗೊತ್ತು.