ಲೇಡಿ ಅಂದರೆ ಯಾರು?

ಬೆಳಗ್ಗೆ ಬ್ರೆಡ್ ಒಯ್ಯಲು ಬಂದ ವ್ಯಾನ್ ಡ್ರೈವರ್ ಬೇಕರಿಯ ಹಿಂಬಾಗಿಲು ತಳ್ಳಿದ. ಮಾಲೀಕ ನೆಲದ ಮೇಲೆ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ತಕ್ಕಡಿಯ ಕಬ್ಬಿಣದ ತೂಕದ ಬಟ್ಟು. ಕಳೆದ ವಾರ ಜಾರಿ ಬಿದ್ದು ಮುರಿದುಕೊಂಡಿದ್ದ ಬಲಗೈಯ ಬಿಳಿ ಪಟ್ಟಿ ಈಗ ಕೆಂಪಾಗಿತ್ತು.

ಡ್ರೈವರ್ ಬಗ್ಗಿ ಕಿವಿಗೊಟ್ಟ. ಮಾಲೀಕ "ಲೇಡಿ" ಎಂದ. ಇನ್ನೂ ಒಂದು ಮಾತು ಅಂದ. ಅಷ್ಟೇ. ಉಸಿರು ನಿಂತಿತು.

* * *

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಬೀದಿಯೇ ತೀರ್ಪು ಕೊಟ್ಟಾಗಿತ್ತು. ಕೊಂದವಳು ಹೆಂಡತಿ. ಹಿಂದಿನ ದಿನವಷ್ಟೇ ಗಂಡಹೆಂಡಿರು ಅಂಗಡಿ ಮುಂದೆ ಕಿತ್ತಾಡಿದ್ದರು.

ಇನ್ಸ್‌ಪೆಕ್ಟರ್‌ಗೆ ಬೀದಿಯ ತೀರ್ಪೆಂದರೆ ಆಗದು. ಆಕೆ ಡ್ರೈವರನ್ನು ಹತ್ತಿರ ಕರೆದಳು.

"ಏನಂದ್ರು, ಸರಿಯಾಗಿ ಹೇಳಪ್ಪ."

"'ಲೇಡಿ ಹೊಡೆದ್ಲು' ಅಂದ್ರು ಮೇಡಂ."

"ಇನ್ನೇನು ಬೇಕು?" ಎಂದು ಮಾಲೀಕನ ತಮ್ಮ ನಡುವೆ ಬಾಯಿ ಹಾಕಿದ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. "ನಮ್ಮತ್ತಿಗೆ ಕೈಗೆ ಬೇಡಿ ಹಾಕಿ."

ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣು ಒಣಗಿತ್ತು.

"ನಾನು ಹೊಡೆದಿದ್ರೆ ಮಾತಾಡೋಕೆ ಉಸಿರು ಉಳಿಸ್ತಿರ್ಲಿಲ್ಲ," ಎಂದಳು. "ಅಳು ಬಂದಿಲ್ಲ, ನಿಜ. ಅದಕ್ಕೂ ಕೇಸ್ ಹಾಕ್ತೀರಾ?"

"ಜಗಳ ಯಾಕೆ?"

"ಬಿಟ್ಟು ಹೋಗ್ತೀನಿ ಅಂದೆ. ಹೋಗು ಅಂದ್ರು."

"ನಿಮ್ಮನ್ನ ಲೇಡಿ ಅಂತ ಕರೀತಿದ್ರಾ?"

"ನನ್ನನ್ನಾ? 'ಏಯ್' ಅಂತಿದ್ರು. ಮದುವೆಯಾದಾಗಿಂದ ಅದೇ ನನ್ನ ಹೆಸರು."

ಇನ್ಸ್‌ಪೆಕ್ಟರ್ ತಲೆಯೆತ್ತಿ ಬೋರ್ಡು ನೋಡಿದಳು. ಲಾರ್ಡ್ ಬೇಕರಿ.

"ಈ ಹೆಸರು ಯಾರಿಟ್ಟಿದ್ದು?"

"ಈ ಮೈದುನನ ಪಾಂಡಿತ್ಯ. ಲಾರ್ಡ್ ಅಂದ್ರೆ ಮೊದಲು ಬ್ರೆಡ್ ಕಾಯೋನು ಅಂತ ಅರ್ಥವಂತೆ. ಅದನ್ನ ಕೇಳಿದ್ದೇ ಇವರಿಗೆ ಕೊಂಬು ಬಂತು."

ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

ಒಳಗೆ ತೊಟ್ಟಿಯಲ್ಲಿ ನಾದಿದ ಹಿಟ್ಟು ಅಂಚಿನವರೆಗೆ ಉಬ್ಬಿ ನಿಂತಿತ್ತು. ಹಿಟ್ಟು ನಾದುವವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಕಂಬದಂಥ ತೋಳು. ಬೀದಿಯವರು ಅವನನ್ನು ಪೈಲ್ವಾನ್ ಎನ್ನುತ್ತಿದ್ದರು.

"ನಾನು ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು," ಎಂದ.

"ಹಿಟ್ಟು?"

"ರಾತ್ರಿನೇ ನಾದಿಟ್ಟು ಹೋಗಿದ್ದೆ."

* * *

ಇನ್ಸ್‌ಪೆಕ್ಟರ್ ಗ್ರಂಥಾಲಯಕ್ಕೆ ಹೋಗಿ, ದಪ್ಪ ನಿಘಂಟೊಂದನ್ನು ಎಳೆದು ಕೂತಳು. ಆಮೇಲೆ ಡ್ರೈವರನ್ನು ಒಬ್ಬನನ್ನೇ ಕರೆಸಿದಳು.

"ಮೇಷ್ಟ್ರು ಹೇಳಿಕೊಟ್ಟಿದ್ದು ಬೇಡ. ನಿನ್ನ ಕಿವಿ ಕೇಳಿದ್ದು ಹೇಳು."

"'ಲೇಡಿ ಹೊಡೆದ' ಅಂದಂಗಿತ್ತು ಮೇಡಂ. ಮೇಷ್ಟ್ರು 'ಅಯ್ಯೋ ಪೆದ್ದೇ, ಲೇಡಿ ಅಂದ್ಮೇಲೆ ಹೊಡೆದ್ಲು ಅಂತ್ಲೇ ಅಂದಿರ್ತಾರೆ' ಅಂತ ಬೈದ್ರು. ಓದಿದವರಲ್ವಾ, ಒಪ್ಪಿಕೊಂಡೆ."

* * *

ಮಧ್ಯಾಹ್ನ ಎಲ್ಲರೂ ಬೇಕರಿಯಲ್ಲಿ ಸೇರಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮೇಷ್ಟ್ರೇ, ಲಾರ್ಡ್ ಅಂದ್ರೆ ಬ್ರೆಡ್ ಕಾಯೋನು. ಲೇಡಿ ಅಂದ್ರೆ?"

"ಹೆಂಗಸು. ಮಕ್ಕಳಿಗೂ ಗೊತ್ತು."

"ಇವತ್ತಿನ ಅರ್ಥ ಅದು. ಹುಟ್ಟಿದಾಗಿನ ಅರ್ಥ?"

ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು.

"ನಾನೇ ಹೇಳ್ತೀನಿ. ಬ್ರೆಡ್ಡಿನ ಹಿಟ್ಟು ನಾದುವವರು. ಲಾರ್ಡ್ ಹೇಳಿಕೊಟ್ಟ ನೀವು ಅಣ್ಣನಿಗೆ ಲೇಡಿಯನ್ನೂ ಹೇಳಿಕೊಟ್ರಿ. ಅಲ್ಲಿಂದ ಅವರು ಒಳಗೆ ಹಿಟ್ಟು ನಾದುವವರನ್ನ ಲೇಡಿ ಅಂತ ಕರೆಯೋಕೆ ಶುರು ಮಾಡಿದ್ರು. ಹೌದಾ, ಪೈಲ್ವಾನ್?"

"ನಾನು ಬರೋಷ್ಟರಲ್ಲಿ..."

"ರಾತ್ರಿ ನಾದಿದ್ರೆ ಈ ಸೆಖೆಗೆ ಬೆಳಗ್ಗೆ ಹಿಟ್ಟು ಕುಸಿದು ಹುಳಿ ವಾಸನೆ ಹೊಡೀಬೇಕಿತ್ತು," ಎಂದಳು ಹೆಂಡತಿ, ತಾನಾಗಿಯೇ.

"ಹೌದು. ನಾನು ನೋಡಿದಾಗ ಹಿಟ್ಟು ತಾಜಾ ಇತ್ತು. ಅಂದ್ರೆ ಬೆಳಗ್ಗೆಯೇ ನಾದಿದ್ದು. ಮಾಲೀಕರ ಕೈಗೆ ಪಟ್ಟಿ. ಅಷ್ಟು ಹಿಟ್ಟು ನಾದೋಕೆ ಇಲ್ಲಿ ಇನ್ಯಾರಿದ್ದಾರೆ?"

ಪೈಲ್ವಾನ್ ತೊಟ್ಟಿಯ ಅಂಚು ಹಿಡಿದುಕೊಂಡ.

"ಒಳಗೆ ಲೇಡಿ ಅಂದಾಗ ಸಹಿಸ್ಕೊಂಡೆ," ಎಂದ. "ನಿನ್ನೆ ಬೀಗರಾಗೋರು ಬಂದಿದ್ರು, ನಾನು ಕೆಲಸ ಮಾಡೋ ಜಾಗ ನೋಡೋಕೆ. 'ಇವನೇ ನಮ್ಮ ಲೇಡಿ, ಸೀರೆ ಒಂದು ಬಾಕಿ' ಅಂದ್ರು ಮಾಲೀಕರು. ಮೇಷ್ಟ್ರೂ ಅಲ್ಲೇ ನಗ್ತಾ ಕೂತಿದ್ರು. ಬೀಗರು ಸಂಬಂಧ ಬೇಡ ಅಂತ ಎದ್ದು ಹೋದ್ರು. ಬೆಳಗ್ಗೆ ಕೇಳಿದೆ, ಮನೆಗೆ ಬಂದು ನನ್ನ ಮಗಳ ಹತ್ರ ಒಂದು ಮಾತು ತಪ್ಪಾಯ್ತು ಅನ್ನಿ ಅಂತ. 'ಲೇಡಿಗೆ ಸಿಟ್ಟು ಬಂತಾ' ಅಂದ್ರು. ಬೆನ್ನು ತಿರುಗಿಸಿದ್ರು."

"ನಿಮಗೆ ಮೊದಲಿಂದ್ಲೂ ಗೊತ್ತಿತ್ತು," ಎಂದು ಇನ್ಸ್‌ಪೆಕ್ಟರ್ ಮೇಷ್ಟ್ರತ್ತ ತಿರುಗಿದಳು. "ಅತ್ತಿಗೆ ಜೈಲಿಗೆ ಹೋದ್ರೆ ಬೇಕರಿ ನಿಮ್ಮದು. ಅದಕ್ಕೇ ಸಾಕ್ಷಿಯ ಬಾಯಿ ತಿದ್ದಿದ್ರಿ. ನೀವೂ ಜೀಪ್ ಹತ್ತಿ."

"ನಾನು ಬರೀ ವ್ಯಾಕರಣ..."

"ಹತ್ತಿ."

ಪೈಲ್ವಾನನಿಗೆ ಬೇಡಿ ಬಿತ್ತು. ಹೆಂಡತಿ ಎದ್ದು ಅವನ ಎದುರು ನಿಂತಳು. ಕೆನ್ನೆಗೆ ಬಾರಿಸುತ್ತಾಳೆಂದು ಎಲ್ಲರೂ ಕಾದರು.

"ಮಗಳಿಗೆ ಗೊತ್ತಾ?"

ಅವನು ತಲೆಯಾಡಿಸಿದ. "ಇಲ್ಲಮ್ಮ."

"ನಾನೇ ಹೋಗಿ ಹೇಳ್ತೀನಿ. ಈ ಬೀದಿಯವರ ಬಾಯಿಂದ ಕೇಳೋದು ಬೇಡ."

ಚಪ್ಪಲಿ ಮೆಟ್ಟಿ ಹೊರಟಳು. ಬಾಗಿಲಲ್ಲಿ ನೆರೆದಿದ್ದ ಜನ ದಾರಿ ಬಿಟ್ಟರು.