ಕೆಮ್ಮಿದವರು ಬಟ್ಟಲು ಹಿಡಿದು ಬರುತ್ತಾರೆ

"ಆ ಮಾತು ನಮ್ಮವ್ವಂದು! ನೀವು ಕದ್ದೀರಿ!"

ಕೊಲ್ಹಾಪುರದ ಆ ಪುಟ್ಟ ಸಭಾಂಗಣದಲ್ಲಿ ಫ್ಯಾನುಗಳ ಸದ್ದು ಮಾತ್ರ ಉಳಿಯಿತು.

ವೆಬ್‌ಸೈಟ್ ಬರೆಯುವವರ ಕೂಟ ಅದು. ಮೊದಲ ಸಲ ಮೈಕ್ ಹಿಡಿದಿದ್ದ ರುತುಜಾ, ಕೊನೆಯ ಸಾಲಿನಲ್ಲಿ ಎದ್ದು ನಿಂತವನನ್ನೇ ನೋಡಿದಳು. ಅವನ ಕಣ್ಣುಗಳು ಕೆಂಪಾಗಿದ್ದವು. ಸಿಟ್ಟಿಗೋ, ಅತ್ತದ್ದಕ್ಕೋ…

ಅವಳು ತನ್ನ ಬರಹದ ಒಂದು ಸಾಲನ್ನು ಓದಿ ಮುಗಿಸಿದ್ದಳಷ್ಟೆ. 'ಮೆಣಸಿನಕಾಯಿ ಹುರಿಯುವಾಗ ಕಿಟಕಿ ಮುಚ್ಚಬ್ಯಾಡ್ರಿ. ನೆರೆಯವರು ಕೆಮ್ಮಲಿ. ಕೆಮ್ಮಿದವರು ಸಂಜಿಗೆ ಖಾರ ಕೇಳಾಕ ಬಟ್ಟಲಾ ಹಿಡಕೊಂಡು ಬರ್ತಾರ.' ಜನ ನಕ್ಕು ಚಪ್ಪಾಳೆ ತಟ್ಟಿದ್ದರು.

"ನಾ ಯಾರದೂ ಕದ್ದಿಲ್ಲರಿ," ಎಂದಳು. "ಕಿವಿಯಾರೆ ಕೇಳಿ ಬರದೇನಿ."

"ಎಲ್ಲಿ ಕೇಳಿದ್ರಿ? ನನ್ನ ವೆಬ್‌ಸೈಟ್‌ನಾಗ! ನಮ್ಮವ್ವನ ದನಿ ಅಲ್ಲೇ ಐತಿ."

ಅವನು ಬಾಗಿಲು ದಬ್ಬಿಕೊಂಡು ಹೊರಟುಹೋದ. ಸಿದ್ದಾರೂಢ ಎಂಬ ಹೆಸರು ಅವಳಿಗೆ ಗೊತ್ತಾದದ್ದು, ಅವನ ದೂರು ಬಂದ ಮೇಲೆ.

ಗಡಹಿಂಗ್ಲಜದ ಅಡುಗೆಮನೆಯಲ್ಲಿ ಕುಳಿತು ಕಟ್ಟಿದ ವೆಬ್‌ಸೈಟ್ ಅವಳದು. ಯಾವ ಮಿಕ್ಸರ್ ಒಣ ಮೆಣಸಿನಕಾಯಿಗೆ ತಾಳುತ್ತದೆ, ಯಾವುದರ ಮೋಟಾರು ಸುಟ್ಟ ವಾಸನೆ ಬಿಡುತ್ತದೆ… ಎಲ್ಲವನ್ನೂ ತಾನೇ ಅರೆದು, ಸೀನಿ, ಕೈ ಉರಿಸಿಕೊಂಡು ಬರೆಯುತ್ತಿದ್ದಳು. ಓದಿದವರು ಅವಳ ಲಿಂಕ್ ಒತ್ತಿ ಕೊಂಡರೆ ಮಾರುವ ಕಂಪನಿಯಿಂದ ಅವಳಿಗೆ ಕಮಿಷನ್. ತಾನು ಬಳಸದ ವಸ್ತುವಿನ ಲಿಂಕನ್ನು ಅವಳು ಒಮ್ಮೆಯೂ ಹಾಕಿರಲಿಲ್ಲ. ಓದುಗರು ನಂಬಿದ್ದು ಅದನ್ನೇ.

ಆ ನಂಬಿಕೆಗೇ ಈಗ ಕನ್ನ ಬಿದ್ದಿತ್ತು. 'ನಕಲು ಬರಹ' ಎಂದು ಕಂಪನಿ ಅವಳ ಲಿಂಕುಗಳನ್ನೆಲ್ಲ ನಿಲ್ಲಿಸಿತು.

"ಪ್ಯಾಟ್ಯಾಗ ಏನಂತಾರ ಗೊತ್ತೈತೇನು?" ಅಪ್ಪ ದಾದಾಸಾಹೇಬ ಊಟದ ತಾಟಿನ ಮುಂದಿನಿಂದ ಎದ್ದುಬಿಟ್ಟರು. "ದಾದಾಸಾಹೇಬನ ಮಗಳು ಮಂದಿ ಮಾತ ಕದ್ದು ಮಾರತಾಳಂತ!"

ಲಿಂಕು ಹೋಗಲಿ… ಕಳ್ಳಿ ಎಂಬ ಹೆಸರು ಹೊತ್ತು ಇನ್ನೊಂದು ಸಾಲು ಬರೆಯುವುದಾದರೂ ಹೇಗೆ?

ದೂರಿನಲ್ಲಿದ್ದ ವಿಳಾಸ ಹಿಡಿದು ಮರುದಿನವೇ ಅವಳು ಇಚಲಕರಂಜಿಯ ಬಸ್ ಹತ್ತಿದಳು.

ಆ ಓಣಿಯಲ್ಲಿ ಕರೆಂಟು ಮಗ್ಗಗಳ ಸದ್ದು ಗೋಡೆಗಳನ್ನೇ ನಡುಗಿಸುತ್ತಿತ್ತು. ಬಾಗಿಲು ತೆರೆದವನು ಸಿದ್ದಾರೂಢ.

"ಬೈಯಾಕ ಬಂದೀರೇನು? ಬೈರಿ. ಈ ಗದ್ದಲದಾಗ ನನಗ ಕೇಳಸೂದಿಲ್ಲ."

ಬೈಯಬೇಕೆಂದೇ ಬಂದಿದ್ದಳು. ಆದರೆ ಅವನ ಹೆಗಲಾಚೆ, ಗೋಡೆಯ ಮೇಲೆ, ಹಾರ ಹಾಕಿದ ಒಂದು ಫೋಟೊ…

"ಬಾಳವ್ವ ಮಾವಶಿ!"

ಅವಳು ಹೊಸ್ತಿಲ ಮೇಲೆಯೇ ಕುಸಿದಳು.

"ನಮ್ಮವ್ವ… ನಿಮಗ ಮಾವಶಿ ಹೆಂಗಾದ್ಳು?" ಅವನು ತಬ್ಬಿಬ್ಬಾದ.

"ಯಾವಾಗ ಹೋದ್ರು? ನನಗ ಯಾರೂ ಹೇಳಿಲ್ಲಲ್ರಿ… ಈ ಬ್ಯಾಸಿಗಿಗೆ ಬರಲಿಲ್ಲ, ಸೊಂಟ ನೋವಿರಬೇಕು ಅನಕೊಂಡಿದ್ನಿ…" ಅವಳಿಗೆ ಅಳು ತಡೆಯಲಾಗಲಿಲ್ಲ.

ಅವನು ನೀರು ತಂದುಕೊಟ್ಟ. ಅವಳು ಬಿಕ್ಕುತ್ತಲೇ ಹೇಳಿದಳು.

ಪ್ರತಿ ಬೇಸಿಗೆ ಬಾಳವ್ವ ಗಡಹಿಂಗ್ಲಜದ ತವರಿಗೆ ಬರುತ್ತಿದ್ದಳು. ಅಲ್ಲಿನ ಪೇಟೆಯಲ್ಲೇ ಮೆಣಸಿನಕಾಯಿ ಕೊಳ್ಳಬೇಕು, ಅಲ್ಲಿನ ಗಿರಣಿಯಲ್ಲೇ ಕುಟ್ಟಿಸಬೇಕು. ಖಾರ ಕುಟ್ಟುವ ಗಿರಣಿಯ ಮುಂದೆ ಹೆಂಗಸರ ಪಾಳಿ ಉದ್ದ. ಡಬ್ಬಿ ಸಾಲಿಗಿಟ್ಟು ನೆರಳಲ್ಲಿ ಕುಳಿತರೆ ಅರ್ಧ ದಿನ ಮಾತು. ಅಲ್ಲಿ ಸಿಕ್ಕವಳು ರುತುಜಾ; ಚಿಕ್ಕಮ್ಮನಂತೆ ಕಂಡು 'ಮಾವಶಿ' ಎಂದು ಕರೆಯತೊಡಗಿದಳು.

"ಒಮ್ಮೆ ಅಂದ್ರು, 'ಮಗಾ ಫೋನಿನ ಮುಂದ ಮಾತಾಡು ಅಂತಾನವಾ. ಆ ಡಬ್ಬಿ ನೋಡಿದ್ರ ನಾಲಿಗಿ ಒಣಗತೈತಿ. ಮೊದಲ ನಿನ್ನ ಮುಂದ ಹೇಳತೇನಿ, ತಪ್ಪಾದ್ರ ತಿದ್ದು' ಅಂತ."

ಸಿದ್ದಾರೂಢನ ಮುಖದ ಬಣ್ಣ ಇಳಿಯಿತು.

"ಆಮ್ಯಾಲ?"

"ಹೇಳಿದ್ದನ್ನ ಮತ್ತ ಮತ್ತ ಹೇಳೋರು. 'ಬರೀಲೇನ್ರಿ ಮಾವಶಿ' ಅಂದ್ನಿ. 'ಬರಿ, ಆದ್ರ ನನ್ನ ಹೆಸರ ಹಾಕಬ್ಯಾಡ. ನಿನ್ನ ಮುಂದ ತಾಲೀಮ ಮಾಡೂದು ಸಿದ್ದೂಗ ತಿಳದ್ರ ಚೇಷ್ಟಾ ಮಾಡತಾನ' ಅಂದ್ರು. ಅದಕ್ಕ ಹೆಸರ ಹಾಕಲಿಲ್ಲ… ಆ ಸಿದ್ದು ಯಾರು ಅಂತ ನನಗೇನ ಗೊತ್ತರಿ?"

ಹೊರಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಅವನ ದನಿ ಒಡೆಯಿತು.

"ಬಾಯಿಪಾಠ ಒಪ್ಪಿಸಿದಂಗ ಮಾತಾಡಬ್ಯಾಡವ್ವಾ ಅಂತ ನಗತಿದ್ನಿ… ಆಕೀ ನನಗೋಸ್ಕರ ಪಾಠ ಮಾಡಕೊಂಡು ಬರತಿದ್ಳು…"

ಅವನು ಗೋಡೆಗೆ ಮುಖ ಮಾಡಿ ನಿಂತ. ಭುಜಗಳು ಅಲುಗುತ್ತಿದ್ದವು. ಬೈಯಲು ತಂದ ಮಾತುಗಳನ್ನೆಲ್ಲ ರುತುಜಾ ಮರೆತಳು. ಈ ಊರಿನಲ್ಲಿ ಆ ಮುದುಕಿಗಾಗಿ ಅಳುವವರು ಈಗ ಇಬ್ಬರಾಗಿದ್ದರು.

ಅವನು ದೂರು ಹಿಂತೆಗೆದುಕೊಂಡ. ಲಿಂಕುಗಳು ಮರಳಿದವು. ರುತುಜಾ ಬರಹದ ಮೇಲೆ 'ಹೇಳಿದವರು ಬಾಳವ್ವ' ಎಂದು ಸೇರಿಸಿದಳು.

ಆ ಮೇಲೆ ಅವನ ಫೋನ್. ಮೊದಮೊದಲು ಅವ್ವನ ಬಗ್ಗೆ ಕೇಳುತ್ತಿದ್ದ. ಗಿರಣಿಯಲ್ಲಿ ಎಲ್ಲಿ ಕೂಡುತ್ತಿದ್ದಳು? ಏನು ಹೇಳಿ ನಗುತ್ತಿದ್ದಳು? ಬರಬರುತ್ತ "ನೀವು ಉಂಡ್ರ್ಯಾ?" ಎಂದೂ ಕೇಳತೊಡಗಿದ. ಆಮೇಲೆ ಒಮ್ಮೆಲೇ ನಿಲ್ಲಿಸಿಬಿಟ್ಟ.

ಅವನಿಗೆ ಬೇಕಾದದ್ದು ಅವನ ಅವ್ವನ ಮಾತುಗಳು. ಅವು ಮುಗಿದವು… ಇನ್ನು ನಾನು ಯಾತಕ್ಕೆ?

ಮತ್ತೆ ಬೇಸಿಗೆ ಬಂತು. ಗಿರಣಿಯ ನೆರಳಿನಲ್ಲಿ ಮಾವಶಿಯ ಜಾಗ ಖಾಲಿಯಿತ್ತು. ರುತುಜಾ ಮನೆಗೆ ಬಂದು ಒಬ್ಬಳೇ ಮೆಣಸಿನಕಾಯಿ ಹುರಿದಳು. ಕಿಟಕಿ ಮುಚ್ಚಲಿಲ್ಲ. ಕಣ್ಣಲ್ಲಿ ನೀರು. ಹೊಗೆಯ ಖಾಟಿಗೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಅಂಗಳದಲ್ಲಿ ಯಾರೋ ಕೆಮ್ಮಿದರು.

ಸಿದ್ದಾರೂಢ! ಕೈಯಲ್ಲಿ ಅಂಚು ಸವೆದ ಒಂದು ಹಿತ್ತಾಳೆಯ ಬಟ್ಟಲು. ಅವನ ಅವ್ವನದು.

"ಇಲ್ಲೆ ಹುರಿದ ಖಾಟು ಇಚಲಕರಂಜಿ ತನಕಾ ಬಂತೇನ್ರಿ?" ಅವಳು ಮುಖ ತಿರುಗಿಸಿದಳು. "ಇಷ್ಟ ದಿನಾ ಫೋನಿಲ್ಲ, ಸುದ್ದಿಲ್ಲ…"

"ಕೇಳಾಕ ಅವ್ವನ ಮಾತ ಉಳದಿರಲಿಲ್ಲರಿ. ನಿಮ್ಮನ್ನ ಕೇಳೂದು ಉಳದಿತ್ತು. ಧೈರ್ಯ ಆಗಲಿಲ್ಲ." ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. "ಬಸ್‌ನಾಗ ದಾರಿ ತುಂಬ ತಾಲೀಮ ಮಾಡಕೋತ ಬಂದೇನಿ. ಈಗ ನೋಡ್ರಿ, ನಾಲಿಗಿ ಒಣಗೇತಿ."

ಅವಳು ಅವನತ್ತ ತಿರುಗಿದಳು.

"ತಪ್ಪಾದ್ರ ತಿದ್ದತೇನಿ. ಹೇಳ್ರಿ."

"ಈ ಬಟ್ಟಲಾ… ಇವತ್ತಿಗಷ್ಟ ಅಲ್ಲ, ರುತುಜಾ. ನಾಳಿಗೂ ತರತೇನಿ. ಮುಪ್ಪಾಗೂ ತನಕಾ ತರತೇನಿ. ತುಂಬತೀಯೇನು?"

ಅವಳು ಬಟ್ಟಲು ತೆಗೆದುಕೊಂಡು ಒಳಗೆ ನಡೆದಳು. ಒಲೆಯ ಬಳಿಯಿಂದ, ಅಳುವಿನ ನಡುವೆಯೇ, ಕೂಗಿದಳು.

"ಹೊರಗ್ಯಾಕ ನಿಂತಿ ಸಿದ್ದು? ಒಳಗ ಬಂದು ಕೆಮ್ಮು!"